ದಿಣ್ಣೆ ಗುಂಡಿಯಾದದ್ದು

ದಿಣ್ಣೆಪಾಳ್ಯದ ತಿಮ್ಮರಾಯಸ್ವಾಮಿ ಗುಡಿ ಎರಡಾಳೆತ್ತರದ ದಿಣ್ಣೆಯ ಮೇಲಿದೆ. ಯಾರು ನೋಡಿದರೂ ಅದು ದಿಣ್ಣೆಯೇ. ಕುರುಡನೂ ಹತ್ತಿ ಇಳಿದರೆ ದಿಣ್ಣೆ ಎನ್ನುತ್ತಾನೆ. ಅಂಥ ದಿಣ್ಣೆ ತೊಂಬತ್ತಾರನೇ ಇಸವಿಯಲ್ಲಿ ಕಂಪನಿಯ ನಕ್ಷೆಯಲ್ಲಿ ಗುಂಡಿಯಾಯಿತು. ಇದಕ್ಕೆಲ್ಲ ಬಸಕ್ಕನೇ ಕಾರಣ ಎಂದು ಊರಿನ ದೊಡ್ಡವರು ಇವತ್ತಿಗೂ ಹೇಳುತ್ತಾರೆ. ಸುಳ್ಳು. ಬಸಕ್ಕ ಏನೂ ಮಾಡಲಿಲ್ಲ. ಮಾಡಲು ಅವಳನ್ನು ಬಿಡಲಿಲ್ಲ. ಅದೇ ಕಾರಣ.

ಬಸಕ್ಕ ಸಿಂಧನೂರು ಕಡೆಯವಳು. ಗಂಡ ಯಂಕಪ್ಪನ ಜೊತೆ ಬೆಂಗಳೂರಿಗೆ ಬಂದು, ಬೊಮ್ಮನಹಳ್ಳಿಯಲ್ಲಿ ಕಾಂಕ್ರೀಟು ಹೊತ್ತು, ಆಮೇಲೆ ಮೇಸ್ತ್ರಿಯ ಲಾರಿ ಹತ್ತಿ ಸರ್ಜಾಪುರದ ರಸ್ತೆಯಿಂದ ಒಳಗಿದ್ದ ಈ ಊರಿಗೆ ಬಂದಿಳಿದಿದ್ದಳು. ಊರಿನ ಹೊಲಗಳನ್ನು ಒಂದು ಕಂಪನಿ ಕೊಂಡಿತ್ತು. ಕಂಪ್ಯೂಟರಿನವರಿಗೆ ಕಟ್ಟಡ ಕಟ್ಟುತ್ತಾರಂತೆ. ಅದಕ್ಕೆ ಮೊದಲು ನೆಲದ ಏರು ತಗ್ಗು ಅಳೆಯಬೇಕು. ಯಂಕಪ್ಪ ಮಚ್ಚು ಹಿಡಿದು ಲಂಟಾನ ಕಡಿದು ದಾರಿ ಮಾಡುತ್ತಿದ್ದ. ಬಸಕ್ಕ ಕೋಲು ಹಿಡಿಯುತ್ತಿದ್ದಳು.

ಕೋಲು ಹಿಡಿಯುವುದೆಂದರೆ ಸುಲಭ ಎಂದುಕೊಳ್ಳಬೇಡಿ. ಎರಡಾಳಿಗಿಂತ ಉದ್ದದ ಮರದ ಕೋಲು. ಮೈತುಂಬ ಕಪ್ಪು ಕೆಂಪು ಅಂಕಿಗಳು. ಎಂಜಿನಿಯರು ಈರೇಶ್ ದೂರದಲ್ಲಿ ಮೂರು ಕಾಲಿನ ದುರ್ಬೀನಿನ ಹಿಂದೆ, ಕೊಡೆಯ ನೆರಳಿನಲ್ಲಿ. ಇವಳು ಬಿಸಿಲಿನಲ್ಲಿ. ಅವನು ಕೈ ತೋರಿಸಿದ ಕಡೆ ಓಡಬೇಕು. ಮುಳ್ಳಿದ್ದರೂ ನಿಲ್ಲಬೇಕು. ಕೆಸರಿದ್ದರೂ ನಿಲ್ಲಬೇಕು. ಕೋಲು ನೆಟ್ಟಗಿರಬೇಕು. ಗಾಳಿ ಬೀಸಿದರೆ ತಪ್ಪು ಗಾಳಿಯದಲ್ಲ, ಇವಳದು. ಕಾಲಿಗೆ ಕಟ್ಟಿರುವೆ ಹತ್ತಿದರೂ ಅವನು ಅಂಕಿ ಬರೆದುಕೊಂಡು ಕೈ ಬೀಸುವ ತನಕ ಕದಲುವಂತಿಲ್ಲ. ಒಮ್ಮೆ ಸೀನಿದ್ದಕ್ಕೆ, "ಏನ್ ಬಸಕ್ಕ, ಭೂಕಂಪ ಆಯ್ತಾ?" ಎಂದು ಕೂಗಿದ್ದ. ರಾತ್ರಿ ಮೈ ಒರಗಿಸಿದರೆ ಕತ್ತು, ಭುಜ, ಹಿಮ್ಮಡಿ ಒಂದೊಂದೂ ಬೇರೆ ಬೇರೆ ರಾಗದಲ್ಲಿ ಅಳುತ್ತಿದ್ದವು.

ಈರೇಶ್ ದಾವಣಗೆರೆಯ ಕಡೆಯವನು. ಕೆಟ್ಟವನಲ್ಲ. ಪುಕ್ಕಲ. ಸಂಜೆ ತಗಡಿನ ಶೆಡ್ಡಿನಲ್ಲಿ ದೊಡ್ಡ ಹಾಳೆ ಹರಡಿಕೊಂಡು, ಅಳೆದ ಪ್ರತಿ ಜಾಗಕ್ಕೂ ಒಂದು ಚುಕ್ಕೆ ಇಟ್ಟು, ಪಕ್ಕದಲ್ಲಿ ಅದರ ಎತ್ತರ ಬರೆಯುತ್ತಿದ್ದ. ಆಮೇಲೆ ಚುಕ್ಕೆಗಳ ನಡುವೆ ಪೆನ್ಸಿಲಿನಿಂದ ಹಾವಿನಂತೆ ಗೆರೆ ಎಳೆಯುತ್ತಿದ್ದ. ಚಹಾ ತಂದಿಟ್ಟ ಬಸಕ್ಕ ಒಂದು ಸಂಜೆ ಕೇಳಿದಳು.

"ಇದೇನ್ರಿ ಸಾಹೇಬ್ರ, ರಂಗೋಲಿ ಏನ್ರಿ?"

"ಕಂಟೂರು ಬಸಕ್ಕ. ಒಂದೇ ಎತ್ತರ ಇರೋ ಜಾಗನೆಲ್ಲಾ ಕೂಡಿಸೋ ಗೆರೆ. ಇಲ್ನೋಡು, ಈ ಚುಕ್ಕೆ ಹತ್ತು ಮೀಟರ್, ಆ ಚುಕ್ಕೆ ಹನ್ನೆರಡು. ಹನ್ನೊಂದರ ಗೆರೆ ಎಲ್ಲಿ ಹೋಗ್ಬೇಕು?"

"ನಡುವ ಹಾದು ಹೋಗಬೇಕ್ರಿ."

"ಹಾಂ. ಆ ಗೆರೆ ಮೇಲೇ ನಡೆದ್ರೆ ಹತ್ತೋದೂ ಇಲ್ಲ, ಇಳಿಯೋದೂ ಇಲ್ಲ. ಒಂದು ಗೆರೆ ಇನ್ನೊಂದನ್ನ ದಾಟಂಗಿಲ್ಲ."

"ಹಂಗಾರ ನಮ್ಮೂರಾಗ ಇದನ್ನ ಎಂದೋ ಎಳದಾರ್ರಿ. ಗೌಡ್ರ ಓಣಿ ಒಂದು ಗೆರಿ, ನಮ್ಮ ಕೇರಿ ಒಂದು ಗೆರಿ. ದಾಟಿದ್ರ ಕಾಲು ಮುರೀತಾರ."

ಈರೇಶ್ ಆರಿದ್ದ ಚಹಾವನ್ನು ಊದಿ ಊದಿ ಕುಡಿದ.

ಬಯಲೆಲ್ಲ ಮುಗಿದು ದಿಣ್ಣೆಯ ಸರದಿ ಬಂತು. ಆ ಬೆಳಿಗ್ಗೆ ಮುನಿಯಕ್ಕ ಬಸಕ್ಕನ ಸೆರಗು ಹಿಡಿದು ನಿಲ್ಲಿಸಿದಳು. ಮುನಿಯಕ್ಕ ಊರಾಚೆ ತಗ್ಗಿನಲ್ಲಿದ್ದ ಕಾಲೊನಿಯವಳು. ಹೊಲಗಳು ಮಾರಿಹೋಗಿ ಕೂಲಿ ನಿಂತ ಮೇಲೆ ಸೈಟಿನವರಿಗೆ ಮುದ್ದೆ ಮಾಡಿ ಹಾಕುತ್ತಿದ್ದಳು.

"ಅಲ್ಲಿಗ್ ಅತ್ತಬ್ಯಾಡ ಕಣಕ್ಕ. ನಾನು ಇದೇ ಊರಾಗ್ ಉಟ್ಟಿ ಇದೇ ಊರಾಗ್ ಮುದುಕಿ ಆಗಿವ್ನಿ. ಒಂದ್ ದಿನಾನೂ ಅತ್ತಿಲ್ಲ."

"ನಾ ಏನು ದೇವರ ನೋಡಾಕ ಹೊಂಟೀನೇನು? ಕೆಲಸಕ್ಕ ಹೊಂಟೀನಿ," ಎಂದು ಬಸಕ್ಕ ಕೋಲು ಹೆಗಲಿಗೇರಿಸಿದಳು.

ಮೂರನೇ ಮೆಟ್ಟಿಲ ಮೇಲೆ ಕಾಲಿಟ್ಟಿದ್ದಳು. ಮೇಲಿನಿಂದ ಕೂಗು ಬಂತು. ನಲ್ಲಪ್ಪ ಗೌಡ. ಊರಿನ ಯಜಮಾನ, ಗುಡಿಯ ಧರ್ಮದರ್ಶಿ. ದಿಣ್ಣೆಯೂ ಸೇರಿದಂತೆ ಅರ್ಧ ಊರಿನ ಜಮೀನನ್ನು ಕಂಪನಿಗೆ ಮಾರಿದವನು ಅವನೇ. ಗುಡಿಯನ್ನು ಮುಟ್ಟುವುದಿಲ್ಲ ಎಂಬ ಬಾಯಿಮಾತಿನ ಮೇಲೆ ಮಾರಿದ್ದ.

"ಏಯ್! ಯಾರಮ್ಮಿ ಅದು? ಯಾವ ಜನ ನೀನು?"

"ಕೋಲು ಹಿಡಿಯೋ ಜನಾರೀ."

"ಜಾತಿ ಕೇಳಿದ್ದು ನಾನು."

"ಮಾದಿಗ್ರು."

ನಲ್ಲಪ್ಪ ಬಗ್ಗಿ ನೆಲದಿಂದ ಒಂದು ಹೆಂಟೆ ಎತ್ತಿಕೊಂಡ. ನಾಯಿ ಕಂಡಾಗ ಎತ್ತಿಕೊಳ್ಳುತ್ತಾರಲ್ಲ, ಹಾಗೆ. ಎಸೆಯಲಿಲ್ಲ. ಎತ್ತಿಕೊಂಡದ್ದೇ ಸಾಕಿತ್ತು. ಬಸಕ್ಕ ಇಳಿದಳು. ಮೂರು ಮೆಟ್ಟಿಲೂ ಹಿಂದೆ ಹಿಂದೆಯೇ ಇಳಿದಳು. ಕಿವಿ ಕಾದ ಹಂಚಾಗಿತ್ತು. ಈರೇಶನ ಕಡೆ ನೋಡಿದಳು. ಈರೇಶ್ ಬಗ್ಗಿ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದ. ಲೇಸು ಬಿಚ್ಚಿರಲಿಲ್ಲ. ಬಿಚ್ಚಿ ಕಟ್ಟಿಕೊಂಡ.

ಆಮೇಲೆ ಪಂಚಾಯ್ತಿ ಕೂತಿತು. ಅಳೆಯದೆ ಬಿಟ್ಟರೆ ನಕ್ಷೆಯಲ್ಲಿ ದಿಣ್ಣೆ ಬರುವುದಿಲ್ಲ, ದಿಣ್ಣೆ ಬರದಿದ್ದರೆ ಗೆರೆಗಳು ಕೂಡುವುದಿಲ್ಲ ಎಂದು ಈರೇಶ್ ಗೋಗರೆದ. ಕೊನೆಗೆ ನಲ್ಲಪ್ಪನೇ ದಾರಿ ಹುಡುಕಿದ. ಕೋಲನ್ನು ಪೂಜಾರಿ ಕಾಡಪ್ಪ ಹಿಡಿಯುತ್ತಾನೆ. ಆದರೆ ಕೋಲನ್ನು ಬಸಕ್ಕ ಮುಟ್ಟಿದ್ದಾಳಲ್ಲ! ಗಂಜಳ ಬಂತು. ಅರಿಶಿನದ ನೀರು ಬಂತು. ಕೋಲಿಗೆ ತಲೆಯಿಂದ ಬುಡದವರೆಗೆ ಸ್ನಾನವಾಯಿತು. ಒಂದೆರಡು ಕೆಂಪು ಅಂಕಿ ಕರಗಿ ಅರಿಶಿನದ ಜೊತೆ ಹರಿದವು. ಮಡಿಯಾದ ಕೋಲನ್ನು ಕಾಡಪ್ಪ ಉತ್ಸವಮೂರ್ತಿಯಂತೆ ಎತ್ತಿಕೊಂಡು ಮೆಟ್ಟಿಲು ಹತ್ತಿದ. ಹತ್ತಿ, ತಲೆಕೆಳಗಾಗಿ ನಿಲ್ಲಿಸಿದ.

ಬಸಕ್ಕನಿಗೆ ತಕ್ಷಣ ಕಾಣಿಸಿತು. ಕೋಲಿನ ಬುಡದ ಕಬ್ಬಿಣದ ಪಟ್ಟಿ ಆಕಾಶದಲ್ಲಿ ಹೊಳೆಯುತ್ತಿತ್ತು.

"ಗೌಡ್ರ, ಆ ಕೋಲು..." ಎಂದಳು.

"ಏಯ್, ಸುಮ್ಕಿರು. ನಮ್ ಪೂಜಾರಿಗೆ ನೀನು ಯೋಳ್ಕೊಡ್ತೀಯಾ? ಬಾಯ್ ಮುಚ್ಕೊಂಡು ಕೆಳಗ್ ನಿಂತ್ಕೊ."

ಬಸಕ್ಕ ಬಾಯಿ ಮುಚ್ಚಿದಳು. ಬಾಯಿ ಮುಚ್ಚುವುದು ಇಷ್ಟು ಸುಖದ ಕೆಲಸ ಎಂದು ಅವಳಿಗೆ ಅವತ್ತೇ ಗೊತ್ತಾದದ್ದು.

ಈರೇಶನಿಗೆ ಯಾಕೆ ಗೊತ್ತಾಗಲಿಲ್ಲ ಎಂದರೆ, ಕಂಪನಿ ಕೊಟ್ಟಿದ್ದು ಹಳೇ ಕಾಲದ ದುರ್ಬೀನು. ಅದರಲ್ಲಿ ಇಡೀ ಲೋಕ ತಲೆಕೆಳಗಾಗಿ ಕಾಣುತ್ತದೆ. ಮರ ತಲೆಕೆಳಗು, ಬಸಕ್ಕ ತಲೆಕೆಳಗು, ಅಂಕಿ ತಲೆಕೆಳಗು. ಅವತ್ತು ಮೊದಲ ಸಲ ಅಂಕಿಗಳು ನೆಟ್ಟಗೆ ಕಂಡವು. ದೇವರ ಮಹಿಮೆ ಎಂದುಕೊಂಡು ಅವನು ಸರಸರ ಬರೆದುಕೊಂಡ. ಕಾಡಪ್ಪ ದಿಣ್ಣೆಯ ತುಂಬ ಕೋಲು ಊರುತ್ತ ಓಡಾಡಿದ. ಒಂದು ಕಡೆಯೂ ಕೋಲಿನ ಬುಡ ನೆಲ ಕಾಣಲಿಲ್ಲ.

ಸಂಜೆ ಗೆರೆ ಎಳೆಯುವಾಗ ಈರೇಶನ ಕೈ ನಿಂತಿತು. ಕೋಲಿನ ಬುಡ ಸೊನ್ನೆ, ತುದಿ ನಾಲ್ಕು. ಎತ್ತರದಲ್ಲಿ ಕೋಲು ನಿಂತರೆ ದುರ್ಬೀನಿಗೆ ಬುಡದ ಸಣ್ಣ ಅಂಕಿ ಸಿಗಬೇಕು. ತಗ್ಗಿನಲ್ಲಿ ನಿಂತರೆ ಮೇಲಿನ ದೊಡ್ಡ ಅಂಕಿ. ಇಲ್ಲಿ ದಿಣ್ಣೆಯ ನೆತ್ತಿಯಲ್ಲೇ ಎಲ್ಲಕ್ಕಿಂತ ದೊಡ್ಡ ಅಂಕಿ. ಗೆರೆಗಳು ದಿಣ್ಣೆಯ ಸುತ್ತ ಸುತ್ತಿ ಸುತ್ತಿ ಒಳಕ್ಕೆ ಇಳಿಯುತ್ತಿದ್ದವು. ಕಿಟಕಿಯಿಂದ ಗುಡಿಯ ಕಡೆ ನೋಡಿದ. ದಿಣ್ಣೆ. ಹಾಳೆ ನೋಡಿದ. ಗುಂಡಿ. ಬಸಕ್ಕನನ್ನು ನೋಡಿದ. ಅವಳು ಸೆರಗು ಬಾಯಿಗೆ ತುರುಕಿಕೊಂಡಿದ್ದಳು.

"ನಿಂಗೆ ಗೊತ್ತಿತ್ತಾ?"

"ಬಾಯಿ ಮುಚ್ಚು ಅಂದ್ರಲ್ರಿ."

ಈರೇಶ್ ನಲ್ಲಪ್ಪನ ಮನೆಗೆ ಓಡಿದ. ಕೋಲು ತಿರುಗುಮುರುಗಾಗಿತ್ತು, ಬಸಕ್ಕ ಒಂದೇ ಒಂದು ಸಲ ಹಿಡಿಯಲಿ ಎಂದ. ನಲ್ಲಪ್ಪನಿಗೆ ಸಿಟ್ಟು ಬಂತು. "ತಲತಲಾಂತ್ರದಿಂದ ಸ್ವಾಮಿ ಪೂಜೆ ಮಾಡೋ ವಂಶ ಸಾರ್ ಅದು. ಒಂದ್ ಕೋಲ್ ಇಡ್ಯಕ್ಕೆ ಬರಲ್ವಾ?" ಈರೇಶ್ ವಾಪಸು ಬಂದು ಕೋರಮಂಗಲದ ಆಫೀಸಿಗೆ ಫೋನು ಮಾಡಿದ. ಮ್ಯಾನೇಜರ್ ಗುರುರಾಜ್ ಕೇಳಿಸಿಕೊಳ್ಳಲೇ ಇಲ್ಲ. "ನಿಮ್ಮ ಕಣ್ಣಿಗೆ ಕಂಡಿದ್ದು ಬೇಡ ಕಣ್ರೀ, ಡೇಟಾ ಏನು ಹೇಳತ್ತೋ ಅದನ್ನ ಡ್ರಾ ಮಾಡಿ. ನಾಳೆ ಬಾಂಬೆಗೆ ಕೊರಿಯರ್ ಹೋಗ್ಬೇಕು."

ಈರೇಶ್ ಎಳೆದ. ತಗ್ಗಾದರೆ ಗೆರೆಯ ಒಳಬದಿಗೆ ಸಣ್ಣ ಸಣ್ಣ ಹಲ್ಲು ಹಾಕಬೇಕಂತೆ. ಅದನ್ನೂ ಹಾಕಿದ. ತಿಮ್ಮರಾಯಸ್ವಾಮಿ ಹಲ್ಲುಗಳ ನಡುವೆ ಕೂತ.

ಮಳೆಗಾಲ ಕಳೆಯಿತು. ಬಾಂಬೆಯಿಂದ ಪ್ಲಾನು ಬಂತು. ಅಲ್ಲಿ ಕೂತು ಪ್ಲಾನು ಮಾಡಿದವರು ದಿಣ್ಣೆಪಾಳ್ಯ ನೋಡಿದವರಲ್ಲ. ನಕ್ಷೆಯಲ್ಲಿ ಒಂದು ಚೆಂದದ ಗುಂಡಿ ಕಂಡಿತ್ತು. ಅಗೆಯುವ ಖರ್ಚಿಲ್ಲ. ಇಡೀ ಕ್ಯಾಂಪಸ್ಸಿನ ಕಕ್ಕಸಿನ ನೀರು ಬಂದು ನಿಲ್ಲುವ ಹೊಂಡ ಅಲ್ಲೇ ಎಂದು ಬರೆದಿದ್ದರು. ಒಂದು ಬೆಳಿಗ್ಗೆ ಕಂಪನಿಯ ಹುಡುಗರು ಗುಡಿಯ ಸುತ್ತ ಸುಣ್ಣದ ಪುಡಿಯಲ್ಲಿ ದೊಡ್ಡ ವೃತ್ತ ಹಾಕಿ, ಕಕ್ಕಸು ಗುಂಡಿಗೆ ಗುರುತು ಎಂದು ಹೇಳಿ ಹೋದರು.

ಊರು ಎದ್ದು ನಿಂತಿತು. ನಲ್ಲಪ್ಪ ಬರೀ ಪಂಚೆಯಲ್ಲಿ ಶೆಡ್ಡಿಗೆ ಓಡಿಬಂದ. ಅವನ ಹಿಂದೆ ಕಾಡಪ್ಪ.

"ಸಾರ್! ಸ್ವಾಮಿ ತಲೆ ಮ್ಯಾಲೆ ಕಕ್ಕಸಾ?"

"ನಿಮ್ಮ ಪೂಜಾರಿ ಕೊಟ್ಟ ಲೆಕ್ಕ ಗೌಡ್ರೇ," ಎಂದ ಈರೇಶ್. ಕೋರಮಂಗಲಕ್ಕೆ ಫೋನು ಹೋಯಿತು. ಗುರುರಾಜ್ ಹೇಳಿದ್ದು ಇಷ್ಟೇ: "ರೀಸರ್ವೆ ಮಾಡಿ ಕಳಿಸಿ, ಚೇಂಜ್ ಮಾಡ್ತಾರೆ. ಇಲ್ಲಾಂದ್ರೆ ನೋ."

ಅಂದರೆ ಮತ್ತೆ ಕೋಲು ಹಿಡಿಯಬೇಕು. ಕಾಡಪ್ಪ ಕೈ ಮುಗಿದು ಹಿಂದೆ ಸರಿದ. ಆ ಕೋಲಿನಲ್ಲಿ ಗಾಳಿ ಸೇರಿದೆ, ತಾನು ಮುಟ್ಟುವುದಿಲ್ಲ ಎಂದ. ನಲ್ಲಪ್ಪ ಊರಿನ ಪಡ್ಡೆಗಳನ್ನು ಕರೆದ. ಒಬ್ಬನಿಗೆ ಸೊಂಟ ನೋವು ಬಂತು. ಒಬ್ಬನಿಗೆ ಹೆಣ್ಣು ನೋಡಲು ಹೋಗುವುದಿತ್ತು. ಕೂಲಿಯವಳು ಹಿಡಿದ ಕೋಲು ಹಿಡಿದು ಬಿಸಿಲಲ್ಲಿ ನಿಂತರೆ ನಾಳೆ ಯಾರು ಹೆಣ್ಣು ಕೊಡುತ್ತಾರೆ? ಕೋಲಿಗೂ ಒಂದು ಜಾತಿ ಬಂದುಬಿಟ್ಟಿತ್ತು.

ಕೊನೆಗೆ ನಲ್ಲಪ್ಪ ಬಸಕ್ಕನ ಶೆಡ್ಡಿನ ಮುಂದೆ ಬಂದು ನಿಂತ. ಜೊತೆಯಲ್ಲಿ ಈರೇಶ್. ಬಸಕ್ಕ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಏಳಲಿಲ್ಲ. ಪಕ್ಕದಲ್ಲಿ ಮುನಿಯಕ್ಕ ಕೂತಿದ್ದಳು.

"ನೋಡಮ್ಮ, ನೀನೇ ಬಂದು ಇಡ್ಕೊಡು. ಎಲ್ಲರ್ಗೂ ಒಳ್ಳೇದು," ಎಂದ ನಲ್ಲಪ್ಪ. "ಬೆಳಿಗ್ಗೆ ತಲೆಗ್ ಸ್ನಾನ ಮಾಡ್ಕೊ. ಒಂದ್ ಒಸಾ ಸೀರೆ ಕೊಡಿಸ್ತೀನಿ, ಅದನ್ನುಟ್ಕೊ. ಮೆಟ್ಲು ಬ್ಯಾಡ, ಇಂದ್ಗಡೆಯಿಂದ ಅತ್ತು. ಗರ್ಭಗುಡಿ ಕಡೆ ತಿರುಗ್ಬ್ಯಾಡ. ಯಾರ್ಗೂ ಯೋಳ್ಬ್ಯಾಡ."

"ಉಸಿರು ಆಡಬೌದೇನ್ರಿ?" ಎಂದಳು ಬಸಕ್ಕ.

ಮುನಿಯಕ್ಕ ಕಿಸಕ್ಕನೆ ನಕ್ಕು, ಥಟ್ಟನೆ ನಿಲ್ಲಿಸಿ ಈರೇಶನ ಕಡೆ ತಿರುಗಿದಳು. "ಸಾರ್, ಗುಂಡಿ ದಿಣ್ಣೇಲ್ ಇಲ್ಲಾಂದ್ರೆ ಮತ್ತೆಲ್ಲಿ ಬತ್ತದೆ?"

ಈರೇಶ್ ತಲೆ ತಗ್ಗಿಸಿ ಹೇಳಿದ. ನಿಜವಾದ ತಗ್ಗು ಕಾಲೊನಿಯ ಕಡೆಗಿದೆ. ಬಾವಿಯ ಪಕ್ಕ.

"ಅಲ್ಲೇ ಆಗ್ಲಿ ಬುಡಿ," ಎಂದ ನಲ್ಲಪ್ಪ. "ಅವ್ರಿಗೇನು, ಅಭ್ಯಾಸ ಐತೆ."

ಬಸಕ್ಕನ ಕೈಯಲ್ಲಿದ್ದ ಮೊರ ನಿಂತಿತು. ಅವಳು ಎದ್ದಳು. ಸೀರೆಯ ಮೇಲಿನ ನುಚ್ಚು ಕೊಡವಿದಳು.

"ನಾ ಹತ್ತಂಗಿಲ್ಲ."

"ಏನಂದೆ?"

"ಹತ್ತಂಗಿಲ್ಲ ಅಂದೆ. ಅವತ್ತು ಹೆಂಟಿ ಎತ್ತಿದ್ರಿ. ಇವತ್ತು ಸೀರಿ ಕೊಡಸ್ತೀನಂತ ಬಂದೀರಿ. ಎರಡೂ ಬ್ಯಾಡ. ನಾ ಕಳ್ಳಿ ಅಲ್ಲ, ಹಿಂದಿನಿಂದ ಹತ್ತಾಕ. ನಾ ಹತ್ತಬೇಕಂದ್ರ ಮುಂದಿನ ಮೆಟ್ಟಲಾ ಹತ್ತತೀನಿ. ಈ ಸೀರಿಯೊಳಗ ಹತ್ತತೀನಿ. ಮುನಿಯಕ್ಕ ಬರ್ತಾಳ, ಅವರ ಕೇರಿ ಮಂದಿ ಬರ್ತಾರ. ಆ ಹೇಲುಗುಂಡಿ ಅವರ ಬಾವಿ ಬಾಜೂಕ ಬರಬಾರದು. ಆಗಲ್ಲಂದ್ರ ಕೋಲು ನೀವಾ ಹಿಡೀರಿ."

ಯಂಕಪ್ಪ ಒಳಗಿನಿಂದ, "ಬ್ಯಾಡ ಬಿಡ ಬಸಕ್ಕ, ಕೆಲಸ ಹೋಗ್ತೈತಿ," ಎಂದು ಗೊಣಗಿದ. ಬಸಕ್ಕ ಅವನ ಕಡೆ ನೋಡಿದಳು. ಅವನು ಮಚ್ಚು ಮಸೆಯತೊಡಗಿದ.

"ನಾನೇ ಇಡೀತೀನಿ!" ಎಂದು ನಲ್ಲಪ್ಪ ಗುಡುಗಿದ. "ಒಂದ್ ಕೋಲು ಇಡ್ಯಾದು ಏನ್ ಬ್ರಹ್ಮವಿದ್ಯೆನಾ?"

ಮರುದಿನ ಬೆಳಿಗ್ಗೆ ಜರಿಪಂಚೆ ಉಟ್ಟು ಅವನು ದಿಣ್ಣೆಯ ಮೇಲೆ ಕೋಲು ಹಿಡಿದು ನಿಂತ. ಕೆಳಗೆ ಹುಣಸೇಮರದ ನೆರಳಿನಲ್ಲಿ ಬಸಕ್ಕ, ಮುನಿಯಕ್ಕ, ಕಾಲೊನಿಯ ಹೆಂಗಸರು ಕಡಲೆಕಾಯಿ ಬಿಡಿಸುತ್ತ ಕೂತರು. ಗಾಳಿ ಬೀಸಿತು. ಕೋಲು ವಾಲಿತು. ಕೋಲಿನ ಜೊತೆ ಗೌಡನೂ ವಾಲಿದ.

"ನೆಟ್ಟಗೆ ಹಿಡೀರಿ!" ಎಂದು ಈರೇಶ್ ಕೂಗಿದ. "ಎಡಕ್ಕೆ! ಅಷ್ಟಲ್ಲ! ಅಲ್ಲಾಡ್ಬೇಡಿ ಅಂದ್ನಲ್ಲ!"

ನಲ್ಲಪ್ಪನ ಮೇಲೆ ಹೀಗೆ ಕೂಗಿದವರು ಆ ಊರಿನಲ್ಲಿ ಹುಟ್ಟಿರಲಿಲ್ಲ. ಅವನು ಬಾಯಿ ತೆರೆದ. ತೆರೆದ ಬಾಯಿಯ ಜೊತೆ ಕೋಲೂ ಅಲ್ಲಾಡಿತು. "ಹೋಯ್ತು! ಮತ್ತೆ ಹಿಡೀರಿ!" ಬಿಸಿಲು ಏರಿತು. ಕಟ್ಟಿರುವೆ ಪಂಚೆಯೊಳಗೆ ದಾರಿ ಹುಡುಕಿತು. ಗೌಡ ಒಂದು ಕಾಲಿನಲ್ಲಿ ನಿಂತು ಇನ್ನೊಂದು ಕಾಲಿನಿಂದ ಕೆರೆದುಕೊಂಡ. "ಕುಣೀಬೇಡಿ ಗೌಡ್ರೇ!" ಕಾಲೊನಿಯ ಹೆಂಗಸರು ಮೊದಲು ಸೆರಗಿನೊಳಗೆ ನಕ್ಕರು. ಆಮೇಲೆ ಸೆರಗು ತೆಗೆದು ನಕ್ಕರು. ಬಸಕ್ಕನಿಗೆ ನಗುವಿನ ನಡುವೆ ಒಮ್ಮೆ ತನ್ನ ಭುಜವೇ ನೊಂದಂತಾಯಿತು. ಆ ನೋವು ಅವಳಿಗೆ ಗೊತ್ತಿತ್ತು. ಆದರೂ ಏಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸರಿಯಾದ ಒಂದು ಅಂಕಿಯೂ ಸಿಕ್ಕಿರಲಿಲ್ಲ. ನಲ್ಲಪ್ಪ ಕೋಲಿಗೆ ಜೋತುಬಿದ್ದು ಕೂಗಿದ. "ಗುಂಡಿ ಎಲ್ಲಾದ್ರೂ ಆಕ್ಕೊಳ್ಳಿ ಸಾರ್! ನನ್ ಇಳಿಸ್ಬುಡಿ!"

ಈರೇಶ್ ನಕ್ಷೆ ಬಿಡಿಸಿಕೊಂಡು ದಿಣ್ಣೆ ಹತ್ತಿ ಬಂದ. "ಗೌಡ್ರೇ, ಇದು ಕಾಲೊನಿ. ಇದು ನಿಮ್ಮ ನೀಲಗಿರಿ ತೋಪು ಇದ್ದ ಜಾಗ. ಎರಡೂ ಒಂದೇ ಗೆರೆ ಮೇಲಿವೆ. ಒಂದೇ ಎತ್ತರ. ತೋಪಲ್ಲಿ ಮನೆ ಇಲ್ಲ, ಬಾವಿ ಇಲ್ಲ. ಅಲ್ಲಿಗೆ ಬರೀತೀನಿ."

ಆ ತೋಪಿನ ಜಾಗದಲ್ಲಿ ತನ್ನ ಅಪ್ಪನ ಹೆಸರಿನ ಕಲ್ಯಾಣಮಂಟಪ ಕಟ್ಟಿಸಿಕೊಡಬೇಕೆಂದು ನಲ್ಲಪ್ಪ ಕಂಪನಿಯಿಂದ ಮಾತು ತೆಗೆದುಕೊಂಡಿದ್ದ.

"ಅಪ್ಪನ್ ಎಸ್ರಲ್ಲಿ ಕಕ್ಕಸು ಗುಂಡಿನಾ?"

"ಇಲ್ಲಾಂದ್ರೆ ದಿಣ್ಣೇಲೇ ಇರ್ಲಿ. ಕಾಲೊನಿಗೆ ನಾನು ಹಾಕಲ್ಲ," ಎಂದ ಈರೇಶ್. ಈ ಸಲ ಬೂಟಿನ ಕಡೆ ಬಗ್ಗಲಿಲ್ಲ.

ನಲ್ಲಪ್ಪ ದೇವರನ್ನು ನೋಡಿದ, ತೋಪನ್ನು ನೋಡಿದ, ಕೋಲನ್ನು ನೋಡಿದ. ಕೋಲು ಕೈಬಿಟ್ಟ. "ಬರ್ಕೊಳ್ಳಿ. ಆಯಮ್ಮನ್ನ ಕರೀರಿ." ಈರೇಶ್ ಅಲ್ಲೇ ತೋಪಿನ ಮೇಲೆ ಬರೆದ. ನಲ್ಲಪ್ಪನಿಂದ ಕೆಳಗೊಂದು ರುಜುವನ್ನೂ ಹಾಕಿಸಿಕೊಂಡ.

ಬಸಕ್ಕ ಮುಂದಿನ ಮೆಟ್ಟಿಲಿನಿಂದಲೇ ಹತ್ತಿದಳು. ಉಟ್ಟ ಸೀರೆಯಲ್ಲೇ ಹತ್ತಿದಳು. ಹಿಂದೆ ಮುನಿಯಕ್ಕ. ಅವಳ ಹಿಂದೆ ಕಾಲೊನಿಯವರು. ಮುನಿಯಕ್ಕ ಮೊದಲ ಮೆಟ್ಟಿಲಲ್ಲಿ ಕಾಲೆತ್ತಿ, ಹಿಂದೆಗೆದು, ಮತ್ತೆ ಎತ್ತಿದಳು. ಮೇಲೆ ಬಂದು ಸುತ್ತ ನೋಡಿ, "ಅಯ್ಯೋ, ಇಷ್ಟೇನಾ?" ಎಂದಳು. ಆದರೂ ಅವಳ ಕಣ್ಣು ತುಂಬಿತ್ತು. ಬಸಕ್ಕ ಕೋಲು ನೆಟ್ಟಳು. ಕೋಲು ಕಂಬದಂತೆ ನಿಂತಿತು.

ಸೋತರೂ ನಲ್ಲಪ್ಪ ಒಂದು ಅಪ್ಪಣೆ ಮಾಡಿಯೇ ಮನೆಗೆ ಹೋಗಿ ಜಗಲಿಯ ಮೇಲೆ ಬಿದ್ದುಕೊಂಡಿದ್ದ. ಅವಳು ಇಳಿದ ತಕ್ಷಣ ಕಾಡಪ್ಪ ಮೆಟ್ಟಿಲು ತೊಳೆಯಬೇಕು. ನೀರಿನ ಬೋರು ಇದ್ದದ್ದು ದಿಣ್ಣೆಯ ಕೆಳಗೆ. ಬಸಕ್ಕ ಇಳಿದಳು. ಕಾಡಪ್ಪ ಬಕೆಟ್ಟು ಹೊತ್ತು ಹತ್ತಿ ತೊಳೆದ. "ಇನ್ನೊಂದು ಪಾಯಿಂಟ್ ಬೇಕು!" ಎಂದ ಈರೇಶ್. ಬಸಕ್ಕ ಹತ್ತಿ ಇಳಿದಳು. ಕಾಡಪ್ಪ ಮತ್ತೆ ಹೊತ್ತ. "ಉತ್ತರದ ಮೂಲೆ ಬಿಟ್ಟೋಯ್ತು!" ಈರೇಶನಿಗೆ ಅಷ್ಟು ಪಾಯಿಂಟು ನಿಜವಾಗಿ ಬೇಕಿತ್ತೋ ಇಲ್ಲವೋ, ಬಸಕ್ಕ ಕೇಳಲಿಲ್ಲ.

ಮುಂದಿನ ಸಲ ಕಾಡಪ್ಪ ನಡುಮೆಟ್ಟಿಲಿನಲ್ಲೇ ಕೂತುಬಿಟ್ಟ. ಕೆಳಗಿನಿಂದ ಬಸಕ್ಕ, ಅವಳ ಹಿಂದೆ ಮುನಿಯಕ್ಕ, ಕಾಲೊನಿಯವರು ಸಾಲಾಗಿ ಮತ್ತೆ ಹತ್ತಿ ಬರುತ್ತಿದ್ದರು.

"ಅಕ್ಕಾ, ಇನ್ನೂ ಬರಾದ್ ಐತಾ? ಯೋಳ್ಬುಡು. ಎಲ್ಲಾ ಸೇರ್ಸಿ ಒಂದೇ ಸಲ ತೊಳೀತೀನಿ."

"ನಾಳಿಗಿ ಬರ್ತೀನಿ. ನಾಡದ ಬರ್ತೀನಿ. ನಾ ಊರಿಗಿ ಹೋದ್ರ ಮುನಿಯಕ್ಕ ಬರ್ತಾಳ," ಎಂದಳು ಬಸಕ್ಕ. "ಎಷ್ಟಂತ ತೊಳೀತಿ?"

ಕಾಡಪ್ಪ ಬಕೆಟ್ಟನ್ನು ನೋಡಿದ. ತುಂಬ ನೀರಿತ್ತು. ಮೇಲೊಂದು ಹಿತ್ತಾಳೆ ಚೊಂಬು ತೇಲುತ್ತಿತ್ತು.

"ನೀರಡಿಕಿ ಆಗೈತಿ. ನೀರು ಕೊಡು," ಎಂದಳು ಬಸಕ್ಕ.

ಕಾಡಪ್ಪ ಚೊಂಬು ತುಂಬಿ, ರೂಢಿಯಂತೆ ಎತ್ತರಕ್ಕೆ ಹಿಡಿದ. ಬೊಗಸೆಗೆ ಹೊಯ್ಯಲು. ಬಸಕ್ಕ ಬೊಗಸೆ ಒಡ್ಡಲಿಲ್ಲ. ಒಂದು ಕೈ ಸೊಂಟದ ಮೇಲಿತ್ತು. ಇನ್ನೊಂದನ್ನು ಚಾಚಿದಳು.

"ಚೊಂಬು ಕೊಡು."

ಕಾಡಪ್ಪ ಮೇಲೆ ಗುಡಿಯ ಕಡೆ ನೋಡಿದ. ಊರಿನ ಕಡೆ ನೋಡಿದ. ಬೋರಿನ ಕಡೆ ನೋಡಿದ, ಆಮೇಲೆ ಮೆಟ್ಟಿಲುಗಳನ್ನು. ಕೊಟ್ಟ. ಬಸಕ್ಕ ತುಟಿಗೆ ಹಚ್ಚಿ ಗಟಗಟನೆ ಕುಡಿದಳು. ಅವನಿಗೆ ವಾಪಸು ಕೊಡಲಿಲ್ಲ. ಮತ್ತೆ ತುಂಬಿ ಮುನಿಯಕ್ಕನ ಕೈಗಿತ್ತಳು. ಮುನಿಯಕ್ಕ ಕುಡಿದು ಹಿಂದಿನವಳಿಗೆ ಕೊಟ್ಟಳು. ಚೊಂಬು ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿಯಿತು, ತುಂಬಿಕೊಳ್ಳಲು ಏರಿತು, ಮತ್ತೆ ಇಳಿಯಿತು. ಸಾಲಿನ ಅರ್ಧಕ್ಕೆ ಬರುವಷ್ಟರಲ್ಲಿ ಬಕೆಟ್ಟಿನ ತಳ ಕಂಡಿತು.

"ಖಾಲಿ ಆಯ್ತಲ್ಲ ಕಾಡಪ್ಪಾ," ಎಂದಳು ಮುನಿಯಕ್ಕ.

ಕಾಡಪ್ಪ ಮೊಣಕಾಲು ಹಿಡಿದುಕೊಂಡು ಎದ್ದ. ಕೆಳಗಿನ ತನಕ ನಿಂತವರನ್ನೆಲ್ಲ ಒಮ್ಮೆ ನೋಡಿದ. ಬಕೆಟ್ಟು ಎತ್ತಿಕೊಂಡ.

"ಇನ್ನೂ ಎಷ್ಟ್ ಜನ ಅವ್ರೆ ಯೋಳು," ಎಂದು ನೀರು ತರಲು ಇಳಿದ.